ನೋಡಲು ಸಿಕ್ಕ ಚಿತ್ರ, ಬಳಸಲು ದಕ್ಕುವ ಚಿತ್ರ

ಇತಿಹಾಸಕ್ಕೆ ಸಂಬಂಧಿಸಿದ ಚಿತ್ರವೊಂದು ಬೇಕಾದಾಗ ಗೂಗಲ್‌ನಲ್ಲಿ ಹೆಸರು ಟೈಪ್ ಮಾಡಿ, ಮೊದಲ ಸಾಲಿನಲ್ಲಿ ಕಂಡದ್ದನ್ನು ಇಳಿಸಿಕೊಳ್ಳುವುದು ಇಂದು ಪತ್ರಿಕಾ ಕಚೇರಿಯಿಂದ ಹಿಡಿದು ಶಾಲಾ ಮಕ್ಕಳ ಪ್ರಾಜೆಕ್ಟ್‌ವರೆಗೆ ಎಲ್ಲೆಡೆ ರೂಢಿಯಾಗಿದೆ. ಹೀಗೆ ಹುಡುಕಿದರೆ ಚಿತ್ರವೇನೋ ಸಿಗುತ್ತದೆ, ಆದರೆ ಅದನ್ನು ಯಾರು, ಎಲ್ಲಿ, ಯಾವ ವರ್ಷ ತೆಗೆದರು, ಅದರ ಮೂಲಪ್ರತಿ ಈಗ ಯಾವ ಸಂಸ್ಥೆಯ ಕೋಣೆಯಲ್ಲಿದೆ, ಅದನ್ನು ಮತ್ತೆ ಮುದ್ರಿಸಲು ಯಾರ ಅಪ್ಪಣೆ ಬೇಕು ಎಂಬ ವಿವರಗಳು ದಾರಿಯಲ್ಲಿಯೇ ಉದುರಿಹೋಗಿರುತ್ತವೆ. ಹತ್ತು ಕೈ ದಾಟಿ ಬಂದ ಚಿತ್ರಕ್ಕೆ ಹನ್ನೊಂದನೆಯವರು ತಮಗೆ ತೋಚಿದ ಹೆಸರು ಕೊಟ್ಟಿರುವ ಸಂಭವವೂ ಕಡಿಮೆಯೇನಲ್ಲ.

ಟಿಪ್ಪು ಸುಲ್ತಾನನ ‘ನಿಜವಾದ ಫೋಟೊ’ ಎಂಬ ಹೆಸರಿನಲ್ಲಿ ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುವ ಚಿತ್ರ ಇದಕ್ಕೆ ತಕ್ಕ ಉದಾಹರಣೆ. ಅದರಲ್ಲಿರುವವನು 19ನೆಯ ಶತಮಾನದಲ್ಲಿ ಪೂರ್ವ ಆಫ್ರಿಕಾದಲ್ಲಿ ಆನೆದಂತ ಮತ್ತು ಗುಲಾಮರ ವ್ಯಾಪಾರ ನಡೆಸಿದ, ಟಿಪ್ಪು ಟಿಪ್ ಎಂಬ ಅಡ್ಡಹೆಸರಿನ ಜಾಂಜಿಬಾರಿನ ವರ್ತಕ. ಹೆಸರಿನ ಹೋಲಿಕೆಯೊಂದೇ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆತಂದಿದೆ. ಛಾಯಾಗ್ರಹಣದ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾದದ್ದು 1839ರಲ್ಲಿ, ಟಿಪ್ಪು ಮಡಿದದ್ದು 1799ರ ಮೇ 4ರಂದು, ಕಿತ್ತೂರು ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ ಎಂಬಷ್ಟನ್ನು ನೆನಪಿಟ್ಟರೂ ಇವರಿಬ್ಬರ ‘ಫೋಟೊ’ ಇರಲು ಸಾಧ್ಯವೇ ಇಲ್ಲವೆಂಬುದು ತಿಳಿಯುತ್ತದೆ. ಆ ಕಾಲದ ಮೈಸೂರಿನ ದೃಶ್ಯಸಾಕ್ಷ್ಯ ಬೇಕಾದವರು ಹೋಗಬೇಕಾದದ್ದು ಚಿತ್ರಕಾರರ ಬಳಿಗೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗಿದ್ದು ಕೋಟೆಕೊತ್ತಲಗಳನ್ನು ಬರೆದುಕೊಂಡ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಅವನ್ನು 1794ರಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಹೊರತಂದನು. ಅವು ಗೆದ್ದವರ ಕಡೆಯಿಂದ ಕಂಡ ಚಿತ್ರಗಳೆಂಬುದು ನಿಜ, ಆದರೆ ಯಾರ ಕಡೆಯಿಂದ ಕಂಡವು ಎಂಬುದು ಗೊತ್ತಿರುವುದೇ ಅವುಗಳ ಬೆಲೆ.

ಆದ್ದರಿಂದ ಹುಡುಕಾಟ ಆರಂಭವಾಗಬೇಕಾದದ್ದು ಮೂಲಪ್ರತಿಯನ್ನು ಇಟ್ಟುಕೊಂಡಿರುವ ವಸ್ತುಸಂಗ್ರಹಾಲಯ, ಗ್ರಂಥಾಲಯ ಅಥವಾ ಪತ್ರಾಗಾರದ ಕ್ಯಾಟಲಾಗಿನಿಂದ. ಕ್ಯಾಟಲಾಗು ಎಂದರೆ ಸಂಸ್ಥೆಯಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಕೊಟ್ಟು, ಅದರ ಕರ್ತೃ, ಕಾಲ, ಸ್ಥಳ, ಅಳತೆ, ಸಂಸ್ಥೆಗೆ ಬಂದ ಬಗೆ, ಬಳಕೆಯ ಹಕ್ಕು ಇವುಗಳನ್ನು ಬರೆದಿಟ್ಟ ಪಟ್ಟಿ. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಜಗತ್ತಿನ ಹಲವು ದೊಡ್ಡ ಸಂಸ್ಥೆಗಳು ಈ ಪಟ್ಟಿಯನ್ನು ಚಿತ್ರಗಳ ಸಮೇತ ಅಂತರಜಾಲಕ್ಕೆ ತಂದಿವೆ, ಮತ್ತು ಅವುಗಳಲ್ಲಿ ಕೆಲವು ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿವೆ.

ಈ ಉದಾರತೆಯ ಹಿಂದೆ ಕೇವಲ ಆದರ್ಶವಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ 17ನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಬರೆದ, ಪಾತ್ರೆಗೆ ಹಾಲು ಸುರಿಯುತ್ತಿರುವ ಅಡುಗೆಯವಳ ಪ್ರಸಿದ್ಧ ಚಿತ್ರವಿದೆ. ಅದರ ಕಳಪೆ ನಕಲುಗಳು ಸಾವಿರಾರು ಸಂಖ್ಯೆಯಲ್ಲಿ ಅಂತರಜಾಲದಲ್ಲಿ ಹರಡಿ, ಅವುಗಳಲ್ಲಿ ಬಹಳಷ್ಟು ಹಳದಿಗಟ್ಟಿದ್ದವಾದ್ದರಿಂದ, ಸಂಗ್ರಹಾಲಯದ ಅಂಗಡಿಗೆ ಬಂದವರು ಸರಿಯಾದ ಬಣ್ಣದ ಪೋಸ್ಟ್‌ಕಾರ್ಡನ್ನು ನೋಡಿ ಅದೇ ನಕಲಿಯೆಂದು ಅನುಮಾನಿಸತೊಡಗಿದರು. ಯುರೋಪಿನ ಗ್ರಂಥಾಲಯ, ಸಂಗ್ರಹಾಲಯಗಳ ಸಂಗ್ರಹಗಳನ್ನು ಒಂದೇ ಕಡೆ ಹುಡುಕಲು ಅನುವು ಮಾಡಿಕೊಡುವ ಯುರೋಪಿಯಾನಾ ಎಂಬ ಜಾಲತಾಣ 2011ರಲ್ಲಿ ಹೊರತಂದ ಬರಹವೊಂದು ಈ ಪ್ರಸಂಗಕ್ಕೆ ‘ಹಳದಿ ಹಾಲುಗಿತ್ತಿಯ ಸಮಸ್ಯೆ’ ಎಂಬ ಅರ್ಥದ ಹೆಸರನ್ನಿಟ್ಟಿತು. ಕೆಟ್ಟ ನಕಲನ್ನು ತಡೆಯಲು ಸಂಸ್ಥೆಯೇ ಒಳ್ಳೆಯ ಪ್ರತಿಯನ್ನು ಪುಕ್ಕಟೆಯಾಗಿ ಹಂಚುವುದಕ್ಕಿಂತ ಉತ್ತಮ ಉಪಾಯವಿಲ್ಲವೆಂದು ಮನಗಂಡ ರೈಕ್ಸ್ ಮ್ಯೂಸಿಯಂ 2012ರಲ್ಲಿ ಸುಮಾರು 1,25,000 ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಇಳಿಸಿಕೊಳ್ಳಲು ತೆರೆದಿಟ್ಟಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ 3,75,000 ಚಿತ್ರಗಳನ್ನು, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ 2020ರ ಫೆಬ್ರವರಿಯಲ್ಲಿ 28 ಲಕ್ಷ ಚಿತ್ರಗಳನ್ನು ಇದೇ ರೀತಿ ಬಿಟ್ಟುಕೊಟ್ಟವು. ಪ್ಯಾರಿಸ್ ನಗರದ ಸಂಗ್ರಹಾಲಯಗಳು, ಶಿಕಾಗೊ ಮತ್ತು ಕ್ಲೀವ್‌ಲ್ಯಾಂಡಿನ ಕಲಾಸಂಸ್ಥೆಗಳು ಇದೇ ದಾರಿ ಹಿಡಿದವು.

ಇಲ್ಲಿ ‘ಉಚಿತ’ ಎಂಬ ಮಾತು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಬುಟ್ಟಿಗೆ ಹಾಕಿಬಿಡುತ್ತದೆ. ದುಡ್ಡು ಕೊಡದೆ ನೋಡಬಹುದಾದದ್ದು ಒಂದು, ಅನುಮತಿ ಕೇಳದೆ ಅಚ್ಚುಹಾಕಬಹುದಾದದ್ದು ಇನ್ನೊಂದು. ಮೊದಲನೆಯದು ಅಂತರಜಾಲದಲ್ಲಿ ಹೇರಳ, ಎರಡನೆಯದು ಅದರ ಒಂದು ಭಾಗ ಮಾತ್ರ. ಈ ಎರಡನೆಯ ಗುಂಪನ್ನು ಗುರುತಿಸಲು ಮೂರು ನಾಲ್ಕು ಪದಗಳ ಪರಿಚಯ ಸಾಕು. ಕೃತಿಸ್ವಾಮ್ಯದ ಅವಧಿ ಮುಗಿದ ಅಥವಾ ಆ ಹಕ್ಕೇ ಅನ್ವಯಿಸದ ಕೃತಿಗಳನ್ನು ‘ಪಬ್ಲಿಕ್ ಡೊಮೇನ್’ ಎನ್ನುತ್ತಾರೆ, ಅಂದರೆ ಅವು ಯಾರ ಸ್ವತ್ತೂ ಅಲ್ಲದೆ ಎಲ್ಲರ ಬಳಕೆಗೆ ಒದಗಿದವು. ‘ಸಿಸಿ ಝೀರೊ’ ಎಂಬ ಗುರುತು, ತನಗೆ ಇರಬಹುದಾದ ಹಕ್ಕುಗಳನ್ನೆಲ್ಲ ಸಂಸ್ಥೆ ತಾನಾಗಿ ಬಿಟ್ಟುಕೊಟ್ಟಿದೆಯೆಂದು ಹೇಳುತ್ತದೆ. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ರೂಪಿಸಿದ ಇತರ ಪರವಾನಗಿಗಳಲ್ಲಿ ‘ಬಿವೈ’ ಇದ್ದರೆ ಕರ್ತೃವಿನ ಹೆಸರು ಹೇಳಬೇಕು, ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎಸ್‌ಎ’ ಇದ್ದರೆ ಬದಲಾಯಿಸಿ ಹೊರತಂದದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು, ‘ಎನ್‌ಡಿ’ ಇದ್ದರೆ ಬದಲಾಯಿಸಿ ಹಂಚುವಂತೆಯೇ ಇಲ್ಲ. ಇವುಗಳಲ್ಲಿ ಹೆಚ್ಚು ತಕರಾರಿಗೆ ಎಡೆಕೊಡುವುದು ‘ಎನ್‌ಸಿ’. ಮಾರಾಟದ ಪುಸ್ತಕದಲ್ಲಿ ಮಾತ್ರವಲ್ಲ, ಜಾಹೀರಾತಿನಿಂದ ಹಣ ಬರುವ ಯೂಟ್ಯೂಬ್ ವಾಹಿನಿಯಲ್ಲಿ ಅಂಥ ಚಿತ್ರ ಬಳಸಿದರೂ ಅದು ವ್ಯಾಪಾರವೆನ್ನಿಸಿಕೊಳ್ಳಬಹುದು.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರಹ ಮತ್ತು ಕಲಾಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆನಂತರದ 60 ವರ್ಷ ಉಳಿಯುತ್ತದೆ. ಸರ್ಕಾರದ ಪ್ರಕಟಣೆಗಳಿಗೂ ಸಿನಿಮಾಗಳಿಗೂ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 2012ರ ತಿದ್ದುಪಡಿಯವರೆಗೆ ಛಾಯಾಚಿತ್ರದ ಲೆಕ್ಕ ಪ್ರಕಟಣೆಯಿಂದ ಆರಂಭವಾಗುತ್ತಿತ್ತು, ಈಗ ಅದೂ ಛಾಯಾಗ್ರಾಹಕನ ಜೀವಿತಾವಧಿಗೆ ಸೇರಿಕೊಂಡಿದೆ. ಬೇರೆ ದೇಶಗಳ ಲೆಕ್ಕ ಬೇರೆ. 1964ರಲ್ಲಿ ತೀರಿಕೊಂಡ ಚಿತ್ರಕಾರನ ಕೃತಿ ಭಾರತದಲ್ಲಿ 2025ರ ಆರಂಭಕ್ಕೆ ಮುಕ್ತವಾದರೆ, ಮರಣಾನಂತರ 70 ವರ್ಷ ಎಣಿಸುವ ಬ್ರಿಟನ್ನಿನಲ್ಲಿ 2035ರವರೆಗೆ ಕಾಯಬೇಕು. ಅಮೆರಿಕದಲ್ಲಿ ಹಳೆಯ ಪ್ರಕಟಿತ ಕೃತಿಗಳಿಗೆ ಸಾಮಾನ್ಯವಾಗಿ ಪ್ರಕಟಣೆಯಿಂದ 95 ವರ್ಷವಾದರೂ, ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಅಂಗವಾಗಿ ಸೃಷ್ಟಿಸಿದ್ದಕ್ಕೆ ಹಕ್ಕೇ ಇಲ್ಲ. ಆ ದೇಶದ ಸಂಗ್ರಹಗಳು ಇಷ್ಟು ಧಾರಾಳವಾಗಿ ಕಾಣುವುದಕ್ಕೆ ಈ ಒಂದು ನಿಯಮವೂ ಕಾರಣ.

ಮೂಲಚಿತ್ರದ ಹಕ್ಕು ಮುಗಿದಿದ್ದರೂ ಅದನ್ನು ಸ್ಕ್ಯಾನ್ ಮಾಡಿದ ಸಂಸ್ಥೆಗೆ ಹೊಸ ಹಕ್ಕು ಹುಟ್ಟುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ಜಗಳಕ್ಕೆ ಕಾರಣವಾಗಿತ್ತು. ಬ್ರಿಜ್‌ಮನ್ ಆರ್ಟ್ ಲೈಬ್ರರಿ ಮತ್ತು ಕೋರೆಲ್ ಕಂಪನಿಯ ನಡುವಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ 1999ರಲ್ಲಿ, ಇದ್ದದ್ದನ್ನು ಇದ್ದಂತೆ ನಕಲು ಮಾಡುವ ಛಾಯಾಚಿತ್ರದಲ್ಲಿ ಸ್ವಂತಿಕೆಯಿಲ್ಲವಾದ್ದರಿಂದ ಅದಕ್ಕೆ ಕೃತಿಸ್ವಾಮ್ಯವಿಲ್ಲವೆಂದು ತೀರ್ಪಿತ್ತಿತು. ಈ ತೀರ್ಪಿಗೆ ಬ್ರಿಟನ್ನಿನಲ್ಲಿ ಬೆಲೆಯಿಲ್ಲವೆಂದು ನಂಬಿದ್ದ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ತನ್ನ ತಾಣದಿಂದ 3,000ಕ್ಕೂ ಹೆಚ್ಚು ಚಿತ್ರಗಳನ್ನು ಇಳಿಸಿ ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಭಂಡಾರಕ್ಕೆ ಸೇರಿಸಿದ ಡೆರಿಕ್ ಕೂಟ್ಸಿ ಎಂಬ ಅಮೆರಿಕದ ಸ್ವಯಂಸೇವಕನಿಗೆ 2009ರಲ್ಲಿ ವಕೀಲರ ಮೂಲಕ ನೋಟಿಸು ಕಳುಹಿಸಿತು. ಮೊಕದ್ದಮೆ ನಡೆಯಲಿಲ್ಲ, ಚಿತ್ರಗಳು ಕಾಮನ್ಸ್‌ನಲ್ಲಿಯೇ ಉಳಿದವು. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ಅಮೆರಿಕದ ನಿಲುವಿಗೆ ಹತ್ತಿರ ಬಂದಿತು, 2023ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೂ ಸ್ವಂತಿಕೆಯಿಲ್ಲದ ನಕಲಿಗೆ ಹಕ್ಕಿಲ್ಲವೆಂಬ ಅಭಿಪ್ರಾಯಕ್ಕೆ ಬಲ ಕೊಟ್ಟಿತು. ಹಾಗಿದ್ದರೂ ಹಲವು ಸಂಸ್ಥೆಗಳ ತಾಣಗಳಲ್ಲಿ ಹಳೆಯ ಎಚ್ಚರಿಕೆಯ ಸಾಲು ಹಾಗೆಯೇ ಮುಂದುವರಿದಿದೆ, ಏಕೆಂದರೆ ಚಿತ್ರ ಮಾರಾಟದಿಂದ ಬರುವ ಆದಾಯ ಎಷ್ಟೇ ಚಿಕ್ಕದಾದರೂ ಅದನ್ನು ಬಿಟ್ಟುಕೊಡುವ ಧೈರ್ಯ ಎಲ್ಲ ಆಡಳಿತ ಮಂಡಳಿಗಳಿಗೂ ಇರುವುದಿಲ್ಲ.

ಮೈಸೂರು ಲ್ಯಾನ್ಸರ್ಸ್ ಎಂಬ ಮೈಸೂರು ಸಂಸ್ಥಾನದ ಅಶ್ವದಳದ ಪ್ರಸಂಗದಲ್ಲಿ ಈ ತೊಡಕು ಕನ್ನಡಿಗರಿಗೆ ನೇರವಾಗಿ ಎದುರಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರೊಡನೆ ಈ ದಳ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ಬಳಿಕ ಅಲ್ಲಿನ ಬೀದಿಯಲ್ಲಿ ಸಾಗುತ್ತಿರುವ ಭಾರತೀಯ ಸವಾರರ ಛಾಯಾಚಿತ್ರ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಸಂಗ್ರಹಾಲಯ ತನ್ನ ತಾಣದ ಇಂಥ ಚಿತ್ರಗಳನ್ನು ವ್ಯಾಪಾರೇತರ ಬಳಕೆಗಷ್ಟೇ ಎಂಬ ತನ್ನದೇ ಪರವಾನಗಿಯಡಿ ಹಂಚುತ್ತದೆ. ಅದೇ ಯುದ್ಧದ ಸರ್ಕಾರಿ ಚಿತ್ರಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ ಪಬ್ಲಿಕ್ ಡೊಮೇನ್ ಎಂಬ ಗುರುತಿನೊಡನೆ ಕಾಣುತ್ತವೆ, ಏಕೆಂದರೆ ಬ್ರಿಟಿಷ್ ಸರ್ಕಾರಕ್ಕಾಗಿ 1957ರ ಜೂನ್ 1ಕ್ಕೆ ಮೊದಲು ತೆಗೆದ ಛಾಯಾಚಿತ್ರಗಳ ಹಕ್ಕು 50 ವರ್ಷಕ್ಕೆ ಮುಗಿಯುತ್ತದೆ. ಕಾನೂನಿನ ದೃಷ್ಟಿಯಲ್ಲಿ ಎರಡನೆಯ ನಿಲುವೇ ಗಟ್ಟಿಯಾದದ್ದು. ಆದರೂ ಸಂಗ್ರಹಾಲಯದ ತಾಣದಿಂದಲೇ ಚಿತ್ರ ಇಳಿಸಿಕೊಳ್ಳುವವರು ಅದರ ಷರತ್ತಿಗೆ ಒಪ್ಪಿಯೇ ಇಳಿಸಿಕೊಂಡಂತೆ ಆಗುವುದರಿಂದ, ಮಾರಾಟದ ಪುಸ್ತಕ ಸಿದ್ಧಪಡಿಸುವ ಪ್ರಕಾಶಕರು ಎರಡೂ ಪುಟಗಳನ್ನು ಓದಿ ತಮ್ಮ ಮೂಲ ಯಾವುದೆಂದು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಹುಡುಕುವ ವಿಧಾನದಲ್ಲಿ ಹೆಚ್ಚಿನವರು ಸೋಲುವುದು ಊರಿನ ಹೆಸರಿನಲ್ಲಿ. 19ನೆಯ ಶತಮಾನದ ಚಿತ್ರವನ್ನು ಪಟ್ಟಿಮಾಡಿದ ಗುಮಾಸ್ತ ತನ್ನ ಕಾಲದ ಬರವಣಿಗೆಯನ್ನೇ ಬಳಸಿರುತ್ತಾನೆ, ಸಂಸ್ಥೆಗಳು ಅದನ್ನು ಸಾಮಾನ್ಯವಾಗಿ ತಿದ್ದುವುದಿಲ್ಲ. ಮೈಸೂರು, ಬೆಂಗಳೂರು, ಮಡಿಕೇರಿ, ಬಳ್ಳಾರಿಗಳನ್ನು ಇಂದಿನ ಅಧಿಕೃತ ಇಂಗ್ಲಿಷ್ ರೂಪದಲ್ಲಿ ಹುಡುಕಿದರೆ ಬಹುಮಟ್ಟಿಗೆ ಏನೂ ಸಿಗದು. ಮೈಸೋರ್, ಬ್ಯಾಂಗಲೋರ್, ಮರ್ಕಾರಾ, ಬೆಲ್ಲರಿ, ಧಾರ್ವಾರ್, ಕೂರ್ಗ್, ಕೆನರಾ ಎಂಬ ಹಳೆಯ ರೂಪಗಳು ಬೇಕು. 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಡಾ. ಪಿಗೂ, ನೀಲ್ ಮತ್ತು ಬಿಗ್ಸ್ ಎಂಬ ಅಧಿಕಾರಿಗಳು 1850ರ ದಶಕದಲ್ಲಿ ಬೇಲೂರು, ಹಳೇಬೀಡು, ಬಾದಾಮಿ, ಐಹೊಳೆಗಳಲ್ಲಿ ತೆಗೆದ ಚಿತ್ರಗಳ ಬೃಹತ್ ಸಂಪುಟದ ಹೆಸರಿನಲ್ಲಿರುವುದು ‘ಧಾರ್ವಾರ್’ ಮತ್ತು ‘ಮೈಸೋರ್’; ಅದೇ ವರ್ಷದ ಜೊತೆ ಸಂಪುಟದ ಹೆಸರಿನಲ್ಲಿ ವಿಜಯಪುರ ಎರಡು ‘ಇ’, ಎರಡು ‘ಒ’ಗಳೊಡನೆ ‘ಬೀಜಾಪೂರ್’ ಆಗಿದೆ. ಆ ಅಕ್ಷರಗಳನ್ನೇ ಟೈಪ್ ಮಾಡದವರಿಗೆ ಅದು ಎದುರಿಗಿದ್ದರೂ ಕಾಣುವುದಿಲ್ಲ.

ಕರಾವಳಿಯ ವಿಷಯದಲ್ಲಿ ಭಾಷೆಯೇ ಬದಲಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಪಾದ್ರಿಗಳು ಮತ್ತು ಅವರ ಸಂಗಡಿಗರು ಶಾಲೆ, ಅಚ್ಚುಕೂಟ, ನೇಯ್ಗೆಯ ಶೆಡ್ಡು, ಹೆಂಚಿನ ಕಾರ್ಖಾನೆ, ಹಬ್ಬ, ಸಂತೆ ಇವುಗಳನ್ನೆಲ್ಲ ಛಾಯಾಚಿತ್ರಗಳಲ್ಲಿ ದಾಖಲಿಸಿ ಸ್ವಿಟ್ಜರ್ಲೆಂಡಿನ ಕೇಂದ್ರಕ್ಕೆ ಕಳುಹಿಸಿದರು. ಅವು ಈಗ ಬಾಸೆಲ್ ಮಿಷನ್ ಪತ್ರಾಗಾರದ ತಾಣದಲ್ಲಿ ನೋಡಲು ಸಿಗುತ್ತವೆ, ಒಂದು ಭಾಗ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿಷನ್ ಛಾಯಾಚಿತ್ರ ಸಂಗ್ರಹದಲ್ಲೂ ಇದೆ. ಮೂಲ ಶೀರ್ಷಿಕೆಗಳು ಜರ್ಮನ್ ಭಾಷೆಯಲ್ಲಿರುವುದರಿಂದ ನೇಯ್ಗೆಗೆ ‘ವೇಬರೈ’ ಎಂದೂ ಹೆಂಚಿನ ಕಾರ್ಖಾನೆಗೆ ‘ತ್ಸೀಗಲೈ’ ಎಂದೂ ಹುಡುಕಬೇಕು, ಕೊಡಗು ‘ಕೆ’ ಅಕ್ಷರದ ಅಡಿಯಲ್ಲಿ ‘ಕುರ್ಗ್’ ಆಗಿ ಸಿಗುತ್ತದೆ, ಹುಬ್ಬಳ್ಳಿ ಧಾರವಾಡಗಳು ‘ದಕ್ಷಿಣ ಮರಾಠಾ’ ಎಂಬ ಸೀಮೆಯೊಳಗೆ ಅಡಗಿರುತ್ತವೆ. ಮಂಗಳೂರು ಹೆಂಚಿನ ಚರಿತ್ರೆ ಬರೆಯುವವರು ಈ ಸಂಗ್ರಹವನ್ನು ನೋಡದೆ ಬರೆದರೆ ಅದು ಅರ್ಧ ಕೆಲಸವೇ ಸರಿ. ಇದು ಎಲ್ಲವನ್ನೂ ಷರತ್ತಿಲ್ಲದೆ ಬಿಟ್ಟುಕೊಟ್ಟ ಸಂಗ್ರಹಗಳ ಸಾಲಿಗೆ ಸೇರಿದ್ದೆಂದು ಭಾವಿಸದೆ, ಪ್ರಕಟಿಸುವ ಮೊದಲು ತಾಣದ ಬಳಕೆಯ ನಿಯಮಗಳನ್ನು ಓದಿಕೊಳ್ಳುವುದು ಅಗತ್ಯ.

ಚಿತ್ರ ಸಿಕ್ಕ ಮೇಲೆ ಅದರ ದಾಖಲೆಪುಟವನ್ನು ಓದುವುದು ಬೇರೆಯೇ ಕೆಲಸ. ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1982.213 ಎಂಬ ಸಂಖ್ಯೆಯ, ‘ಬಿಜಾಪುರದ ಮನೆತನ’ ಎಂಬ ಅರ್ಥದ ಹೆಸರಿನ ವರ್ಣಚಿತ್ರವಿದೆ. ಆದಿಲ್‌ಶಾಹಿ ವಂಶದ ಸುಲ್ತಾನರು, ಎಲ್ಲರೂ ಒಂದೇ ಕಾಲದಲ್ಲಿ ಬದುಕಿರದಿದ್ದರೂ, ಒಂದೇ ಚಿತ್ರದಲ್ಲಿ ಸಾಲಾಗಿ ಕೂತಿದ್ದಾರೆ. ವಂಶದ ಮೂಲಪುರುಷ ಯೂಸುಫನಿಗೆ ಇರಾನಿನ ಶಾ ಇಸ್ಮಾಯಿಲ್ ಅಧಿಕಾರದ ಸಂಕೇತವಾದ ಬೀಗದ ಕೈಯನ್ನು ಕೊಡುತ್ತಿದ್ದಾನೆ, ವಂಶದ ಕೊನೆಯ ಕುಡಿಯಾದ ಸಿಕಂದರ್ ಬಾಲಕನಾಗಿ ಕಾಣುತ್ತಾನೆ. ದಾಖಲೆಪುಟ ಇದನ್ನು ಬರೆದವರು ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂದೂ ಕಾಲ ಸುಮಾರು 1680 ಎಂದೂ ತಿಳಿಸುತ್ತದೆ. ಈ ಒಂದು ಇಸವಿ ಗೊತ್ತಾದೊಡನೆ ಚಿತ್ರದ ಅರ್ಥವೇ ಬದಲಾಗುತ್ತದೆ: ಔರಂಗಜೇಬನ ಸೈನ್ಯ ವಿಜಯಪುರವನ್ನು ಕಬಳಿಸಿದ್ದು 1686ರಲ್ಲಿ, ಎಂದರೆ ಈ ವೈಭವದ ವಂಶಾವಳಿ ಬರೆಯಿಸಿಕೊಂಡ ಆಸ್ಥಾನಕ್ಕೆ ಆಗ ಉಳಿದಿದ್ದದ್ದು ಐದಾರು ವರ್ಷದ ಆಯುಸ್ಸು. ದಾಖಲೆ ಕಳಚಿದ ನಕಲಿನಲ್ಲಿ ಇದು ‘ಆದಿಲ್‌ಶಾಹಿ ವೈಭವ’ ಎಂಬ ಅಲಂಕಾರದ ಚಿತ್ರವಾಗಿ ಮಾತ್ರ ಉಳಿಯುತ್ತದೆ. ಪುಟದಲ್ಲಿ ಚಿತ್ರದ ಬಳಿಯಿರುವ ಪಬ್ಲಿಕ್ ಡೊಮೇನ್ ಗುರುತು, ಇದನ್ನು ಪುಸ್ತಕದ ಹೊದಿಕೆಗೂ ಬಳಸಬಹುದೆಂದು ಹೇಳುತ್ತದೆ. ಆ ಗುರುತಿಲ್ಲದ ಚಿತ್ರಗಳೂ ಅದೇ ತಾಣದಲ್ಲಿವೆ, ಆದ್ದರಿಂದ ಹುಡುಕಾಟದ ಪುಟದಲ್ಲಿ ‘ಓಪನ್ ಆ್ಯಕ್ಸೆಸ್’ ಎಂಬ ಸೋಸುಗುಂಡಿಯನ್ನು ಒತ್ತಿಯೇ ಮುಂದುವರಿಯಬೇಕು.

ಕಡತದ ಗಾತ್ರವೂ ಲಕ್ಷ್ಯಕ್ಕೆ ಬರಬೇಕಾದ ಸಂಗತಿ. ಜೆಪೆಗ್ ಎಂಬ ರೂಪ ಚಿತ್ರದ ಸೂಕ್ಷ್ಮ ವಿವರಗಳನ್ನು ಒಂದಿಷ್ಟು ಬಿಟ್ಟುಕೊಟ್ಟು ಗಾತ್ರವನ್ನು ಇಳಿಸುತ್ತದೆ. ಟಿಫ್ ಎಂಬ ರೂಪ ಸ್ಕ್ಯಾನಿನಲ್ಲಿ ಕಂಡದ್ದನ್ನು ಹಾಗೆಯೇ ಉಳಿಸುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎರಡನ್ನೂ ಕೊಡುತ್ತದೆ, ಮತ್ತು ಎರಡರ ನಡುವಣ ವ್ಯತ್ಯಾಸ ಏನನ್ನು ತೋರಿಸಬಲ್ಲದೆಂಬುದಕ್ಕೆ ಅಲ್ಲಿಯೇ ಉದಾಹರಣೆಯಿದೆ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1936ರಲ್ಲಿ, ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಡೊರೊಥಿಯಾ ಲ್ಯಾಂಗ್ ಸರ್ಕಾರಿ ಕೆಲಸದ ಅಂಗವಾಗಿ ತೆಗೆದ, ‘ವಲಸೆಯ ತಾಯಿ’ ಎಂದು ಹೆಸರಾದ ಚಿತ್ರದ ಬಲ ಮೂಲೆಯಲ್ಲಿ ಗುಡಾರದ ಕಂಬ ಹಿಡಿದ ಹೆಬ್ಬೆರಳೊಂದು ಇತ್ತು. ಚೌಕಟ್ಟು ಕೆಡುತ್ತದೆಯೆಂದು ಲ್ಯಾಂಗ್ ಕೆಲ ವರ್ಷಗಳ ಮೇಲೆ ನೆಗೆಟಿವ್‌ನಲ್ಲಿಯೇ ಅದನ್ನು ಮರೆಮಾಡಿಸಿದಳು. ಗ್ರಂಥಾಲಯದಲ್ಲಿ ಬೆರಳಿರುವ ಹಳೆಯ ಪ್ರತಿಯ ಸ್ಕ್ಯಾನೂ ಇದೆ, ತಿದ್ದಿದ ನೆಗೆಟಿವ್‌ನ ಸ್ಕ್ಯಾನೂ ಇದೆ. ಎರಡನೆಯದರ ದೊಡ್ಡ ಕಡತವನ್ನು ಹಿಗ್ಗಿಸಿದರೆ ಅಳಿಸಿದ ಬೆರಳಿನ ಮಸುಕು ಇನ್ನೂ ಕಾಣುತ್ತದೆ. ಗೂಗಲ್‌ನಿಂದ ಎತ್ತಿಕೊಂಡ ಚಿಕ್ಕ ನಕಲಿನಲ್ಲಿ ಇಂಥ ಯಾವ ಕತೆಯೂ ಉಳಿಯುವುದಿಲ್ಲ. ಈ ಚಿತ್ರಮಾಲೆಯ ಹಕ್ಕಿನ ಸಾಲಿನಲ್ಲಿ ಗ್ರಂಥಾಲಯ ಬಳಸುವುದು ‘ತಿಳಿದಂತೆ ನಿರ್ಬಂಧವಿಲ್ಲ’ ಎಂಬ ಅರ್ಥದ ಮಾತು. ಅದು ಖಾತರಿಯಲ್ಲ, ವಿಚಾರಿಸಿದ ಮಟ್ಟಿಗೆ ಯಾರ ಹಕ್ಕೂ ಕಂಡುಬಂದಿಲ್ಲವೆಂಬ ಎಚ್ಚರದ ಹೇಳಿಕೆ. ರೂಢಿಯಲ್ಲಿ ಪ್ರಕಾಶಕರಿಗೆ ಅಷ್ಟು ಸಾಕಾಗುತ್ತದೆ.

ಚಲನಚಿತ್ರಗಳ ಕಡೆಗೆ ಬಂದರೆ ನೋಡುವ ಸ್ವಾತಂತ್ರ್ಯಕ್ಕೂ ಬಳಸುವ ಸ್ವಾತಂತ್ರ್ಯಕ್ಕೂ ನಡುವಿನ ಅಂತರ ಇನ್ನೂ ಹೆಚ್ಚು. ಬ್ರಿಟಿಷ್ ಪಾಥೆ ಎಂಬ ಹಳೆಯ ಸುದ್ದಿಚಿತ್ರ ಸಂಸ್ಥೆ 2014ರಲ್ಲಿ ತನ್ನ 85,000 ತುಣುಕುಗಳನ್ನು ಯೂಟ್ಯೂಬ್‌ಗೆ ಹಾಕಿದಾಗ ಅದು ದೊಡ್ಡ ಕೊಡುಗೆಯೆಂದು ಸುದ್ದಿಯಾಯಿತು. ವಾಸ್ತವದಲ್ಲಿ ಅದು ಅಂಗಡಿಯ ಪ್ರದರ್ಶನ ಕಪಾಟು, ಸಾಕ್ಷ್ಯಚಿತ್ರದಲ್ಲಿ ಬಳಸಬೇಕಾದರೆ ಹಣ ಕೊಡಬೇಕು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ 1899ರಿಂದ 1947ರವರೆಗಿನ ಭಾರತದ ಚಿತ್ರಗಳನ್ನು ತೆರೆದಿಟ್ಟದ್ದೂ ನೋಡುವುದಕ್ಕಾಗಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದ ತಾಣದಲ್ಲಿ, ಭಾರತದಲ್ಲಿದ್ದ ಬ್ರಿಟಿಷ್ ಕುಟುಂಬಗಳು ತಮ್ಮ ಕ್ಯಾಮೆರಾಗಳಲ್ಲಿ ತೆಗೆದ ಮನೆಮಟ್ಟದ ಚಿತ್ರಗಳಿವೆ; ಸರ್ಕಾರಿ ಸುದ್ದಿಚಿತ್ರಗಳಲ್ಲಿ ಎಂದೂ ಕಾಣದ ಅಡುಗೆಯವರು, ಮಾಲಿಗಳು, ಆಯಾಗಳು ಇಲ್ಲಿ ಚೌಕಟ್ಟಿನ ಅಂಚಿನಲ್ಲಿ ಸಿಗುತ್ತಾರೆ.

ಫಿಲ್ಮ್ ಇನ್‌ಸ್ಟಿಟ್ಯೂಟಿನ ಈ ಭಾರತ ಸಂಗ್ರಹದಲ್ಲಿರುವ ಅತ್ಯಂತ ಹಳೆಯ ತುಣುಕು, 1899ರದು, ‘ಗಂಗಾನದಿಯಿಂದ ಕಂಡ ಕಲ್ಕತ್ತೆ’ ಎಂಬ ಹೆಸರಿನಲ್ಲಿ ಮಾರಾಟವಾಗಿತ್ತು. ಅದರಲ್ಲಿ ಕಾಣುವುದು ವಾಸ್ತವವಾಗಿ ವಾರಾಣಸಿಯ ಘಾಟುಗಳು. ತಪ್ಪು ಹೆಸರಿಡುವುದು ವಾಟ್ಸ್‌ಆ್ಯಪ್ ಕಾಲದ ರೋಗವಷ್ಟೇ ಅಲ್ಲ, ಆದರೆ ಸಂಸ್ಥೆಯೊಂದರ ದಾಖಲೆಯಲ್ಲಿ ಅಂಥ ತಪ್ಪಿಗೆ ತಿದ್ದುಪಡಿ ಸೇರುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ಮಾರ್ಕೆಟ್ ಸ್ಟ್ರೀಟಿನಲ್ಲಿ ಕೇಬಲ್ ಕಾರಿನ ಮುಂಭಾಗಕ್ಕೆ ಕ್ಯಾಮೆರಾ ಕಟ್ಟಿ ತೆಗೆದ ಸುಪ್ರಸಿದ್ಧ ಮೂಕಿಚಿತ್ರವನ್ನು ಬಹುಕಾಲ 1905ರದೆಂದು ನಮೂದಿಸಲಾಗಿತ್ತು. ಚಿತ್ರ ಇತಿಹಾಸಕಾರ ಡೇವಿಡ್ ಕೀನ್ ಅದರಲ್ಲಿ ಕಾಣುವ ಮೋಟಾರುಗಳ ನೋಂದಣಿ ಫಲಕಗಳನ್ನೂ ಬೀದಿಯಲ್ಲಿ ನಿಂತ ಮಳೆನೀರನ್ನೂ ಗಮನಿಸಿ, ಅಂದಿನ ಪತ್ರಿಕೆಗಳ ಹವಾಮಾನ ವರದಿಗಳ ಜೊತೆ ತಾಳೆನೋಡಿ, ಅದು 1906ರ ಏಪ್ರಿಲ್ 18ರ ಭೂಕಂಪಕ್ಕೆ ಕೆಲವೇ ದಿನ ಮೊದಲು ತೆಗೆದದ್ದೆಂದು ತೋರಿಸಿದನು. ಈ ಚಿತ್ರ ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದ ಪ್ರೆಲಿಂಗರ್ ಸಂಗ್ರಹದಲ್ಲಿ ಇಳಿಸಿಕೊಳ್ಳಲು ಸಿಗುತ್ತದೆ. ರಿಕ್ ಪ್ರೆಲಿಂಗರ್ 1980ರ ದಶಕದಿಂದ ಕೂಡಿಹಾಕಿದ, ಜಾಹೀರಾತು, ಶಾಲಾಚಿತ್ರ, ಕಾರ್ಖಾನೆಯ ಪ್ರಚಾರಚಿತ್ರಗಳಂಥ ‘ಯಾರೂ ಉಳಿಸಿಡದ’ ಚಿತ್ರಗಳ ಈ ಸಂಗ್ರಹ, ಚಲನಚಿತ್ರಗಳಲ್ಲಿ ಬಳಸಲು ನಿಜವಾಗಿ ದಕ್ಕುವ ಸಂಗ್ರಹಗಳ ಪೈಕಿ ಮೊದಲು ನೋಡಬೇಕಾದದ್ದು. ನೆದರ್ಲೆಂಡ್ಸ್‌ನ ಧ್ವನಿ ಮತ್ತು ದೃಶ್ಯ ಸಂಸ್ಥೆಯ ‘ಓಪನ್ ಬೇಲ್ಡನ್’ ತಾಣವೂ ಹಳೆಯ ಸುದ್ದಿಚಿತ್ರಗಳನ್ನು ಮುಕ್ತ ಪರವಾನಗಿಯಲ್ಲಿ ಕೊಡುತ್ತದೆ.

ಕನ್ನಡ ಸಿನಿಮಾಕ್ಕೆ 60 ವರ್ಷದ ನಿಯಮವನ್ನು ಅನ್ವಯಿಸಿ ನೋಡಿದರೆ 1954ರ ‘ಬೇಡರ ಕಣ್ಣಪ್ಪ’ 2015ರ ಆರಂಭಕ್ಕೆ ಚಲನಚಿತ್ರವಾಗಿ ಮುಕ್ತವಾಗಿದೆ. ಆದರೆ ಸಿನಿಮಾದೊಳಗಿನ ಕತೆ, ಗೀತೆ, ಸಂಗೀತಗಳಿಗೆ ಅವುಗಳ ಕರ್ತೃಗಳ ಜೀವಿತಾವಧಿಯಿಂದ ಪ್ರತ್ಯೇಕ ಲೆಕ್ಕವಿರುವುದರಿಂದ ಒಂದು ಹಾಡಿನ ದೃಶ್ಯವನ್ನು ಎತ್ತಿ ಬಳಸುವಾಗ ಎಚ್ಚರ ಬೇಕು. 1934ರ ಮಾರ್ಚಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ವಿಷಯದಲ್ಲಿ ಹಕ್ಕಿನ ತೊಡಕು ಎಂದೋ ಮುಗಿದಿದೆ, ಚಿತ್ರದ ಪ್ರತಿಯೇ ಉಳಿದಿಲ್ಲ.

ಭಾರತದ ಸಂಸ್ಥೆಗಳ ಕಡೆ ನೋಡಿದರೆ ಸಾಮಗ್ರಿಗೆ ಕೊರತೆಯಿಲ್ಲ. ಸಂಸ್ಕೃತಿ ಸಚಿವಾಲಯದ ‘ಇಂಡಿಯನ್ ಕಲ್ಚರ್’ ತಾಣ 2019ರಿಂದ ನಡೆಯುತ್ತಿದೆ, ರಾಷ್ಟ್ರೀಯ ಸಂಗ್ರಹಾಲಯಗಳ ವಸ್ತುಗಳು ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ದಲ್ಲಿವೆ, ರಾಷ್ಟ್ರೀಯ ಅಭಿಲೇಖಾಲಯದ ಕಡತಗಳು ‘ಅಭಿಲೇಖ್ ಪಟಲ್’ನಲ್ಲಿವೆ. ಕೊರತೆಯಿರುವುದು ಹಕ್ಕಿನ ಸಾಲಿನಲ್ಲಿ. ಸಾವಿರ ವರ್ಷ ಹಳೆಯ ಶಿಲ್ಪದ ಚಿತ್ರವನ್ನು ಪಠ್ಯಪುಸ್ತಕದಲ್ಲಿ ಮುದ್ರಿಸಬಹುದೇ ಎಂಬ ಸರಳ ಪ್ರಶ್ನೆಗೆ ಚಿತ್ರದ ಪಕ್ಕದಲ್ಲಿಯೇ ಉತ್ತರ ಸಿಗುವ ವ್ಯವಸ್ಥೆ ಇಲ್ಲಿ ಇನ್ನೂ ಬೇರೂರಿಲ್ಲ. ಜನರ ತೆರಿಗೆಯಿಂದ ನಡೆಯುವ ಸಂಸ್ಥೆಗಳು ಜನರ ಪಿತ್ರಾರ್ಜಿತದ ಚಿತ್ರಕ್ಕೆ ಇಷ್ಟು ಬಿಗುಮಾನ ತೋರಿಸುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಕನ್ನಡಿಗರಿಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ. ಅದರ ಮೂಲ ತಾಣ ಸ್ಥಗಿತವಾದರೂ, ಸ್ಕ್ಯಾನಾದ ಪುಸ್ತಕಗಳಲ್ಲಿ ಲಕ್ಷಾಂತರ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ಗೆ ಸೇರಿ ಉಳಿದುಕೊಂಡಿವೆ. ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಅಲ್ಲಿ ಸಿಗುತ್ತವೆ. ಆ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಬಗ್ಗೆ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳ ಬಗ್ಗೆ ಹೊರತಂದ ಚಿತ್ರಸಹಿತ ಪುಸ್ತಿಕೆಗಳೂ ಹಕ್ಕಿನ ಅವಧಿ ಮುಗಿದ ಸರ್ಕಾರಿ ಪ್ರಕಟಣೆಗಳೇ. ಒಂದೇ ಬೇಸರವೆಂದರೆ ಆ ಯೋಜನೆಯ ಸ್ಕ್ಯಾನುಗಳಲ್ಲಿ ಬಹಳಷ್ಟು ನಡುವಣ ಬೂದುಬಣ್ಣಗಳಿಲ್ಲದೆ ಬರೀ ಕಪ್ಪು ಮತ್ತು ಬಿಳಿ ಎಂಬ ಎರಡೇ ಛಾಯೆಗಳಲ್ಲಿ ಆದವು. ಅಕ್ಷರಗಳು ಸ್ಪಷ್ಟವಾಗಿ ಓದಲು ಬರುತ್ತವೆ, ಫೋಟೊ ಇದ್ದ ಪುಟದಲ್ಲಿ ಮದನಿಕೆ ಇರಬೇಕಾದ ಕಡೆ ಮಸಿ ಚೆಲ್ಲಿದಂತೆ ಕಾಣುತ್ತದೆ. ಅಂಥಲ್ಲಿ ಪುಸ್ತಕದ ಹೆಸರು, ವರ್ಷ ಮತ್ತು ಚಿತ್ರಫಲಕದ ಸಂಖ್ಯೆಯನ್ನು ಗುರುತುಹಾಕಿಕೊಂಡು, ಅದೇ ಪುಸ್ತಕವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಬೇರೆ ಗ್ರಂಥಾಲಯವಿದೆಯೇ ಎಂದು ಹುಡುಕುವುದೊಂದೇ ದಾರಿ.

ಸಿಕ್ಕ ಚಿತ್ರ ನಾಳೆಯೂ ಅದೇ ವಿಳಾಸದಲ್ಲಿರುತ್ತದೆಂಬ ನಂಬಿಕೆ ಬೇಡ. ಭಾರತದ 19ನೆಯ ಶತಮಾನದ ಛಾಯಾಚಿತ್ರಗಳ ಬಹುದೊಡ್ಡ ಸಂಗ್ರಹವಿರುವ ಲಂಡನ್ನಿನ ಬ್ರಿಟಿಷ್ ಲೈಬ್ರರಿ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ತುತ್ತಾಗಿ, ಕ್ಯಾಟಲಾಗೂ ಸೇರಿದಂತೆ ಅದರ ಜಾಲಸೇವೆಗಳು ತಿಂಗಳುಗಟ್ಟಲೆ ನಿಂತುಹೋದವು. ಆ ವಿಳಾಸಗಳನ್ನಷ್ಟೇ ಬರೆದಿಟ್ಟುಕೊಂಡಿದ್ದ ಸಂಶೋಧಕರ ಕೈ ಕಟ್ಟಿಹಾಕಿದಂತಾಯಿತು. ಚಿತ್ರದ ಕಡತವನ್ನು ಇಳಿಸಿಕೊಳ್ಳುವಾಗಲೇ ಅದರ ದಾಖಲೆಪುಟವನ್ನು ಪಿಡಿಎಫ್ ಆಗಿ ಉಳಿಸಿ, ಕಡತದ ಹೆಸರಿಗೆ ಸಂಸ್ಥೆಯ ಹೆಸರನ್ನೂ ಸಂಖ್ಯೆಯನ್ನೂ ಸೇರಿಸಿ, ಪುಟದ ವಿಳಾಸವನ್ನು, ಜಾಲಪುಟಗಳ ಪ್ರತಿ ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಒಪ್ಪಿಸಿದರೆ ಅಂದಿನ ಹಕ್ಕಿನ ಸಾಲಿಗೂ ಸಾಕ್ಷಿ ಉಳಿಯುತ್ತದೆ. ಅಚ್ಚಾಗುವಾಗ ಚಿತ್ರದ ಕೆಳಗೆ ‘ಕೃಪೆ: ಅಂತರಜಾಲ’ ಎಂದು ಹಾಕುವ ವಾಡಿಕೆಯ ಬದಲು ಕರ್ತೃ, ಕಾಲ, ಸಂಸ್ಥೆ, ಸಂಖ್ಯೆ, ಪರವಾನಗಿ ಇವಿಷ್ಟನ್ನು ಒಂದು ಸಾಲಿನಲ್ಲಿ ಕೊಡಬಹುದು: ‘ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್, ಸುಮಾರು 1680, ಮೆಟ್ರೊಪಾಲಿಟನ್ ಮ್ಯೂಸಿಯಂ, ನ್ಯೂಯಾರ್ಕ್, 1982.213, ಪಬ್ಲಿಕ್ ಡೊಮೇನ್.’ ಸಿಸಿ ಝೀರೊ ಚಿತ್ರಕ್ಕೆ ಹೀಗೆ ಹೆಸರು ಹೇಳಬೇಕೆಂಬ ಕಾನೂನಿಲ್ಲ; ಅದೇ ಚಿತ್ರವನ್ನು ಮುಂದೆ ಹುಡುಕಿಕೊಂಡು ಹೊರಡುವ ಓದುಗನಿಗೆ ಬೇಕಾಗುವುದು ಮಾತ್ರ ಆ ಸಂಖ್ಯೆಯೇ.